ಎರಡು ಟಾಂಗಾ ಕುದುರೆಯಿಂದ ಶುರುವಾದ ನಮ್ಮೂರ ಸವಾರಿ ಕ್ಲಬ್

"ಹುಡುಗರಿಗೆ ಕುದುರೆ ಸವಾರಿ ಯಾಕೋ, ಟ್ರ್ಯಾಕ್ಟರ್ ಕಲಿಸು" ಅಂತ ನಮ್ಮ ಕಾಕಾ ಕಟ್ಟೆ ಮೇಲೆ ಕೂತು ಎಲ್ಲರೆದುರು ಅಂದಿದ್ದರು. ಈಗ ಅವರ ಮೊಮ್ಮಗಳೇ ಬೆಳಿಗ್ಗೆ ಐದೂವರೆಗೆ ಲಾಯದ ಮುಂದೆ ನಿಂತಿರುತ್ತಾಳೆ.

ನಮ್ಮದು ಬೈಲಹೊಂಗಲದ ಕಡೆಯ ಹಳ್ಳಿ. ಟಾಂಗಾ ಶರ್ಯತ್ತು ನೋಡುತ್ತಲೇ ಬೆಳೆದವರು. ಆದರೂ ಊರ ಮಕ್ಕಳಿಗೆ ಸವಾರಿ ಕಲಿಸಲು ಹೊರಟಾಗ ನಾನು ಮೊದಲು ಮೋಸ ಹೋದದ್ದು ರೇಸ್ ಕುದುರೆಯ ಅಂದಕ್ಕೆ. ರೇಸ್ ಬಿಡಿಸಿದ ಥರೋಬ್ರೆಡ್ (ಓಟಕ್ಕೆಂದೇ ಬೆಳೆಸುವ ತಳಿ) ಒಂದನ್ನು ಲಾರಿ ಬಾಡಿಗೆ ಸೇರಿ ಸುಮಾರು 80 ಸಾವಿರಕ್ಕೆ ತಂದೆ. ಅದಕ್ಕೆ ಗೊತ್ತಿದ್ದದ್ದು ಓಡೋದು ಒಂದೇ. ಲಗಾಮು ಬಿಗಿ ಹಿಡಿದಷ್ಟೂ ಜೋರಾಗಿ ಹೋಗುತ್ತಿತ್ತು. ಒಂದೇ ವಾರದಲ್ಲಿ ಇಬ್ಬರು ಬಿದ್ದರು, ಒಬ್ಬನ ಭುಜದ ಎಲುಬು ಮುರಿಯಿತು. ದವಾಖಾನೆ ಖರ್ಚು ನನ್ನದೇ. ಮೂರು ತಿಂಗಳು ಒಂದು ಮಗುವೂ ಈ ಕಡೆ ತಲೆ ಹಾಕಲಿಲ್ಲ. ಕುದುರೆ ಮೂವತ್ತು ಸಾವಿರಕ್ಕೆ ಮಾರಿಹೋಯಿತು.

ಆಮೇಲೆ ಟಾಂಗಾ ಬಿಟ್ಟ ಎರಡು ಗಿಡ್ಡ ಹೆಣ್ಣು ಕುದುರೆ ತಂದೆ, ಎರಡೂ ಸೇರಿ 45 ಸಾವಿರ ಇರಬೇಕು. ಹಾರ್ನ್, ಡೊಳ್ಳು, ಪಟಾಕಿ ಯಾವುದಕ್ಕೂ ಬೆದರಲ್ಲ. ಆದರೆ ಜನ್ಮವಿಡೀ ಅಕ್ಕಪಕ್ಕ ಕಾಣದಂತೆ ಕಣ್ಣಪಟ್ಟಿ ಕಟ್ಟಿಕೊಂಡವು, ಪಟ್ಟಿ ತೆಗೆದರೆ ತಮ್ಮ ಬಾಲ ಕಂಡೇ ಹಾರುತ್ತಿದ್ದವು! ಬೆನ್ನ ಮೇಲೆ ಭಾರ ಹೊತ್ತು ರೂಢಿಯೂ ಇಲ್ಲ. ಜೋಳದ ಚೀಲ ಕಟ್ಟಿದೆ. ಮೊದಲು ಹತ್ತು ಕೆಜಿ, ಆಮೇಲೆ ಇಪ್ಪತ್ತು, ನಲವತ್ತು. ಒಂದೂವರೆ ತಿಂಗಳು ಹಿಡಿಯಿತು. ಊರವರು ನೋಡಿ ನಕ್ಕಿದ್ದೇ ನಕ್ಕಿದ್ದು.

ಮಕ್ಕಳನ್ನು ಮೊದಲ ಇಪ್ಪತ್ತು ದಿನ ನಾನು ಕುದುರೆ ಹತ್ತಿಸುವುದೇ ಇಲ್ಲ. ಲದ್ದಿ ಬಳಿಯೋದು, ಗೊರಸು ಕೆರೆಯೋದು, ಹುರುಳಿ ನೆನೆಸೋದು. ಮುಂದಿನ ಒಂದು ತಿಂಗಳು ಜೀನು ಇಲ್ಲ, ಕಾಲಿಡುವ ರಿಕಾಪು ಇಲ್ಲ, ಮಡಿಸಿದ ಕಂಬಳಿ ಮೇಲೆ ಸವಾರಿ. ಬಿದ್ದರೂ ಕಾಲು ಸಿಕ್ಕಿಕೊಂಡು ಎಳೆದಾಡಿಸಿಕೊಳ್ಳುವ ಭಯ ಇಲ್ಲ, ತೊಡೆ ತಾನೇ ಹಿಡಿತ ಕಲಿಯುತ್ತದೆ. ನಿಜ ಹೇಳಬೇಕೆಂದರೆ ಆಗ ಜೀನು ತರಲು ನನ್ನ ಹತ್ತಿರ ದುಡ್ಡೇ ಇರಲಿಲ್ಲ. ಹೆದರಿ ಅಳುವ ಮಗುವನ್ನು ಮೊದಲ ಸಲ ಹತ್ತಿಸಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬಂದು ನೋಡಿ.

ನಡುವೆ ಒಂದು ಹುಚ್ಚು ಹತ್ತಿತು. ಮೇವಿನ ಖರ್ಚು ಉಳಿಸೋಣ ಅಂತ ಟ್ರೇಗಳಲ್ಲಿ ಮೆಕ್ಕೆಜೋಳದ ಮೊಳಕೆ ಬೆಳೆದೆ. ಟ್ರೇ ತಳದಲ್ಲಿ ಬೂಷ್ಟು ಹಿಡಿದದ್ದು ನೋಡಲಿಲ್ಲ. ಅದನ್ನು ತಿಂದು ರಾತ್ರಿ ಒಂಬತ್ತಕ್ಕೆ ದೊಡ್ಡ ಕುದುರೆ ಹೊಟ್ಟೆ ನೋವಿನಿಂದ ಹೊರಳಾಡಿತು. ಕುದುರೆಗೆ ವಾಂತಿ ಆಗಲ್ಲ, ತಿಂದದ್ದು ಲದ್ದಿಯಾಗಿಯೇ ಹೊರಗೆ ಹೋಗಬೇಕು. ಡಾಕ್ಟರು ಇಂಜೆಕ್ಷನ್ ಕೊಟ್ಟು ಹೋದ ಮೇಲೆ ಬೆಳತನಕ ಹುಡುಗರು ಪಾಳಿ ಹಚ್ಚಿ ಅದನ್ನು ನಡೆಸಿದರು. ನಸುಕಿಗೆ ಅದು ಲದ್ದಿ ಹಾಕಿದಾಗ ಎಲ್ಲರೂ ಸೀಟಿ ಹೊಡೆದೆವು. ಒಂಬತ್ತು ಸಾವಿರ ಹೋಯಿತು. ಟ್ರೇಗಳಲ್ಲಿ ಈಗ ಮನೆಯವಳು ಮೆಂತ್ಯೆ ಸೊಪ್ಪು ಬೆಳೆಯುತ್ತಾಳೆ.

ಒಂದು ಕುದುರೆಗೆ ತಿಂಗಳಿಗೆ ಏಳೆಂಟು ಸಾವಿರ ಬೇಕು, ಆರು ವಾರಕ್ಕೊಮ್ಮೆ ಲಾಳ ಬೇರೆ. ಫೀ 300, ಕೊಡಲಾಗದ ಮಕ್ಕಳು ಲಾಯದ ಕೆಲಸ ಮಾಡುತ್ತಾರೆ. ಕ್ಲಬ್ ಉಳಿಸಿದ್ದು ಮದುವೆ ಮೆರವಣಿಗೆ, ಸೀಸನ್ನಿನಲ್ಲಿ ದಿನಕ್ಕೆ ಐದಾರು ಸಾವಿರ. ಆರು ಮಕ್ಕಳಿಂದ ಶುರುವಾದದ್ದು ಈಗ ಮೂವತ್ತರ ಮೇಲಿದೆ, ಕುದುರೆ ಐದು. ಆರನೆಯದಕ್ಕೆ ಅರ್ಧ ದುಡ್ಡು ನಾನು ಕೊಡ್ತೀನಿ ಅಂತ ಕಾಕಾ ಅಂದಿದ್ದಾರೆ. ಬಡ್ಡಿ ಎಷ್ಟು ಅಂತ ಇನ್ನೂ ಬಾಯಿ ಬಿಟ್ಟಿಲ್ಲ.