ಬೆಟ್ಟದ ಮೇಲೆ ಸಿಗ್ನಲ್, ಜಗುಲಿಯಲ್ಲಿ ಓದು

ನಮ್ಮ ಮನೆ ಶಿರಸಿ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ. ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಗೆ ಮನೆ, ಮನೆಯ ಹಿಂದೆ ಸೊಪ್ಪಿನಬೆಟ್ಟ. ಮೊಬೈಲಿಗೆ ಸಿಗ್ನಲ್ ಸಿಗುವುದು ಆ ಬೆಟ್ಟದ ನೆತ್ತಿಯಲ್ಲಿ ಮಾತ್ರ. ಆದರೂ ದಿನಾ ಸಂಜೆ ಜಗುಲಿಯಲ್ಲಿ ಕುಳಿತು ನನಗೆ ಬೇಕಾದ ಜಾಲತಾಣಗಳ ಹೊಸ ಬರಹಗಳನ್ನು ಮುಕ್ಕಾಲು ಗಂಟೆ ಓದುತ್ತೇನೆ. ಇದು ಫೀಡ್‌ನಿಂದ, ಅಂದರೆ ಜಾಲತಾಣಗಳೇ ಇಟ್ಟಿರುವ ಹೊಸ ಬರಹಗಳ ಪಟ್ಟಿಯಿಂದ ಆಗಿದ್ದು.

ನಾಲ್ಕು ವರ್ಷದ ಹಿಂದಿನ ಮಾತು. ಅಡಿಕೆಗೆ ಕೊಳೆ ಬರಬಾರದು ಅಂತ ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರ ಬಗ್ಗೆ ನಾನು ಮೆಚ್ಚುವ ಒಬ್ಬ ಕೃಷಿಕರು ತಮ್ಮ ಬ್ಲಾಗಿನಲ್ಲಿ ಬರೆದಿದ್ದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ ಅನ್ನುವುದು ಎಲ್ಲರಿಗೂ ಗೊತ್ತು. ಅವರು ಬರೆದಿದ್ದು ಹಳೇ ಸುಣ್ಣದ ವಿಷಯ. ಗಾಳಿಗೆ ಬಿಟ್ಟ ಸುಣ್ಣಕ್ಕೆ ಶಕ್ತಿ ಇರುವುದಿಲ್ಲ, ತೂಕ ಸರಿಯಿದ್ದರೂ ಸಾಲುವುದಿಲ್ಲ. ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದಿ ನೋಡಬೇಕು. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಹಾಕಬೇಕು, ಇಲ್ಲದಿದ್ದರೆ ಮದ್ದೇ ಎಳೆಕಾಯಿಯನ್ನು ಸುಡುತ್ತದೆ. ಯಾರೋ ಅದರ ಲಿಂಕನ್ನು ನಾನಿರುವ ಗುಂಪೊಂದಕ್ಕೆ ಹಾಕಿದ್ದರು. ನೂರಾರು ಶುಭೋದಯಗಳ ಅಡಿಯಲ್ಲಿ ಅದು ಹೂತುಹೋಯಿತು. ನನ್ನ ಕಣ್ಣಿಗೆ ಬಿದ್ದಿದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಾನು ಹಿಂದಿನ ವರ್ಷ ಉಳಿದ ಸುಣ್ಣವನ್ನೇ ಕಲಸಿ ಹೊಡೆಸಿ ಆಗಿತ್ತು. ಅರ್ಧ ತೋಟದ ಎಳೆಕಾಯಿ ಕಲೆ ಬಿದ್ದು ಉದುರಿತ್ತು. ಬಹಳ ಬೇಜಾರಾಯಿತು. ಬೇಕಾದ ಮಾತು ಬೇಕಾದ ಹೊತ್ತಿಗೆ ಬರೆದವರಿದ್ದರು, ಓದಲು ನಾನೂ ಇದ್ದೆ, ನಡುವಿನ ದಾರಿ ಮಾತ್ರ ಸರಿಯಿರಲಿಲ್ಲ.

ಚೌತಿಗೆ ಮಗಳು ಬೆಂಗಳೂರಿನಿಂದ ಬಂದಿದ್ದಳು. ನನ್ನ ಕತೆ ಕೇಳಿ, ಬೆಟ್ಟ ಹತ್ತಿ, ಫೋನಿನಲ್ಲಿ ‘ಫೀಡರ್’ ಅನ್ನುವ ಆ್ಯಪ್ ಹಾಕಿಕೊಟ್ಟಳು. “ಅಪ್ಪ, ಇನ್ನು ಅವ್ರು ಬರದ್ದು ತನ್ನಷ್ಟಕ್ಕೇ ನಿನ್ನ ಫೋನಿಗೆ ಬತ್ತು” ಅಂದಳು. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ಇಮೇಲ್ ಕೂಡ ಕೇಳಲಿಲ್ಲ.

ಇದರ ಒಳಗುಟ್ಟು ಸರಳ. ಬಹಳಷ್ಟು ಜಾಲತಾಣಗಳು ತಮ್ಮ ಹೊಸ ಬರಹಗಳ ಪಟ್ಟಿಯನ್ನು ಒಂದು ಸಣ್ಣ ಕಡತದಲ್ಲಿ ಇಟ್ಟಿರುತ್ತವೆ. ಶೀರ್ಷಿಕೆ, ತಾರೀಖು, ಲಿಂಕು, ಎಷ್ಟೋ ಕಡೆ ಪೂರ್ತಿ ಬರಹವೂ ಅದರಲ್ಲೇ ಇರುತ್ತದೆ. ಅದೇ ಫೀಡ್. ಆರ್‌ಎಸ್‌ಎಸ್ ಅನ್ನುವುದೂ ಇದಕ್ಕೇ, 1999ರಲ್ಲಿ ಶುರುವಾಗಿದ್ದು. ನಮ್ಮ ಆ್ಯಪ್ ಆಗಾಗ ಹೋಗಿ “ಹೊಸದು ಏನಾದರೂ ಇದೆಯಾ?” ಅಂತ ಆ ಕಡತ ನೋಡಿ ಬರುತ್ತದೆ. ಇದ್ದರೆ ತಂದು ಫೋನಿನಲ್ಲಿ ಇಡುತ್ತದೆ. ಅಕ್ಷರ ಮಾತ್ರ ತರುವುದರಿಂದ ಒಂದು ಕಡ್ಡಿ ಸಿಗ್ನಲ್ ಇದ್ದರೂ ಸಾಕು. ನಾನು ಬೆಳಿಗ್ಗೆ ದನ ಬಿಡಲು ಬೆಟ್ಟಕ್ಕೆ ಹೋದಾಗ ಆ್ಯಪ್ ತೆರೆದು ಎರಡು ನಿಮಿಷ ನಿಲ್ಲುತ್ತೇನೆ. ಸಂಜೆ ಓದುವುದಕ್ಕೆ ಸಿಗ್ನಲ್ಲೇ ಬೇಡ.

ಫೀಡ್ ಸೇರಿಸುವುದಕ್ಕೆ ಜಾಲತಾಣದ ವಿಳಾಸವನ್ನು ಆ್ಯಪ್‌ಗೆ ಅಂಟಿಸಿದರೆ ಸಾಕು, ಹೆಚ್ಚಿನ ಸಲ ಅದೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ, ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ ಕಟ್ಟಿದ ತಾಣವಾದರೆ, ಅದರ ವಿಳಾಸದ ಕೊನೆಗೆ ಒಂದು ಸ್ಲ್ಯಾಶ್ ಹಾಕಿ ‘ಫೀಡ್’ ಅಂತ ಇಂಗ್ಲಿಷಿನಲ್ಲಿ ಸೇರಿಸಿ ನೋಡಿ. ಯೂಟ್ಯೂಬ್ ವಾಹಿನಿಗಳಿಗೂ ಫೀಡ್ ಇದೆ. ನಾನು ಎರಡು ಯಕ್ಷಗಾನದ ವಾಹಿನಿಗಳನ್ನು ಹೀಗೆ ಸೇರಿಸಿಕೊಂಡಿದ್ದೇನೆ. ಹೊಸ ಪ್ರಸಂಗ ಬಂದಿದ್ದು ಗೊತ್ತಾಗುತ್ತದೆ, ಪೇಟೆಗೆ ಹೋದಾಗ ಇಳಿಸಿಕೊಳ್ಳುತ್ತೇನೆ. ಕನ್ನಡ ವಿಕಿಪೀಡಿಯದ ಪ್ರತಿ ಪುಟದ ಇತಿಹಾಸಕ್ಕೂ ಫೀಡ್ ಇದೆ ಅಂತ ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು. ‘ಶಿರಸಿ’ ಪುಟದ ಫೀಡ್ ನನ್ನಲ್ಲಿದೆ. ನಮ್ಮೂರಿನ ಬಗ್ಗೆ ಯಾರು ಏನು ತಿದ್ದಿದರೂ ನನಗೆ ತಿಳಿಯುತ್ತದೆ.

ಕೆಲವು ತಾಣಗಳು ಮೊದಲ ನಾಲ್ಕು ಸಾಲು ಕೊಟ್ಟು ಬಿಟ್ಟುಬಿಡುತ್ತವೆ. ಅಂಥವಕ್ಕೆ ಪೂರ್ತಿ ಲೇಖನ ತರುವ ಆಯ್ಕೆಯನ್ನು ಒಂದೊಂದಾಗಿ ಒತ್ತಿಟ್ಟಿದ್ದೇನೆ. ಬೆಟ್ಟದ ಮೇಲೆ ಒಂದೆರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಮಳೆಗಾಲ ನನಗೆ ಇನ್ನೊಂದು ಪಾಠ ಕಲಿಸಿತು. ಫೀಡ್ ಹಾಕಿಕೊಂಡ ಮೇಲೆ ಒಂದು ಜುಲೈಯಲ್ಲಿ ಮರ ಬಿದ್ದು ಕರೆಂಟು ಹೋಯಿತು, ಟವರೂ ಸತ್ತಿತು. ಒಂಬತ್ತು ದಿನ ಏನೂ ಇಲ್ಲ. ಮತ್ತೆ ಸಿಗ್ನಲ್ ಬಂದಾಗ ಬ್ಲಾಗುಗಳ ಬರಹ ಒಂದೂ ತಪ್ಪದೆ ಬಂದವು. ಸುದ್ದಿ ತಾಣದ್ದು ಮಾತ್ರ ಕೊನೇ ದಿನದ್ದಷ್ಟೇ ಸಿಕ್ಕಿತು. ಏಕೆಂದರೆ ಫೀಡ್ ಕಡತದಲ್ಲಿ ಎಲ್ಲವೂ ಇರುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಸಾಮಾನ್ಯವಾಗಿ ಕೊನೆಯ 10 ಬರಹ, ಯೂಟ್ಯೂಬ್‌ನಲ್ಲಿ ಕೊನೆಯ 15 ವಿಡಿಯೊ. ತಿಂಗಳಿಗೆ ಎರಡು ಬರೆಯುವವರ ಕಡತದಲ್ಲಿ ಐದು ತಿಂಗಳ ಬರಹ ಇರುತ್ತದೆ. ಗಂಟೆಗೆ ಎರಡು ಹಾಕುವ ತಾಣದಲ್ಲಿ ಅರ್ಧ ದಿನದ್ದೂ ಇರುವುದಿಲ್ಲ.

ಅವತ್ತೇ ಸುದ್ದಿ ತಾಣಗಳನ್ನೆಲ್ಲ ಪಟ್ಟಿಯಿಂದ ತೆಗೆದೆ. ಸುದ್ದಿಗೆ ರೇಡಿಯೊ ಇದೆ, ಮಧ್ಯಾಹ್ನದ ಬಸ್ಸಿಗೆ ಬರುವ ಪೇಪರ್ ಇದೆ. ಫೀಡ್ ಇರುವುದು ನಿಧಾನಕ್ಕೆ ಬರೆಯುವವರಿಗಾಗಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ದಿನಾ ಕೂಗಿ ಕರೆಯುವವರು ಹೇಗಿದ್ದರೂ ಕಣ್ಣಿಗೆ ಬೀಳುತ್ತಾರೆ. ವರ್ಷಕ್ಕೆ ನಾಲ್ಕೇ ಸಲ, ಆದರೆ ತೋಟದಲ್ಲಿ ನಿಂತು ನೋಡಿ ಬರೆಯುವವರನ್ನು ನಾವೇ ಹಿಡಿದಿಟ್ಟುಕೊಳ್ಳಬೇಕು, ಅಲ್ವಾ? ಈಗ ನನ್ನಲ್ಲಿ ಇಪ್ಪತ್ತಾರು ಫೀಡ್ ಇವೆ. ಅದಕ್ಕಿಂತ ಜಾಸ್ತಿ ಆದಾಗೆಲ್ಲ ಓದದೆ ಉಳಿದವು ರಾಶಿ ಬಿದ್ದು ಮನಸ್ಸಿಗೆ ಭಾರವಾಗುತ್ತಿತ್ತು.

ಒಂದು ಮಾತು ಮರೆಯದೆ ಹೇಳಬೇಕು. ನಿಮ್ಮ ಪಟ್ಟಿಯನ್ನು ಆಗಾಗ ಒಪಿಎಂಎಲ್ ಅನ್ನುವ ಕಡತವಾಗಿ ಹೊರಗೆ ಉಳಿಸಿಕೊಳ್ಳಿ. ಹೆಚ್ಚಿನ ಫೀಡ್ ಆ್ಯಪ್‌ಗಳಿಗೆ ಅದನ್ನು ಓದಲು ಬರುತ್ತದೆ. ಫೀಡ್ ಓದಲು ಬಹಳ ಜನ ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿದಾಗ ಪಟ್ಟಿ ಇಟ್ಟುಕೊಂಡವರು ಬೇರೆ ಕಡೆ ಹೋಗಿ ಓದು ಮುಂದುವರಿಸಿದರು. ಫೀಡ್ ಇರುವುದು ಬರೆಯುವವರ ತಾಣದಲ್ಲಿ, ಓದುವ ಆ್ಯಪ್‌ನಲ್ಲಿ ಅಲ್ಲ. ನನ್ನ ಫೋನ್ ಒಮ್ಮೆ ಹಳ್ಳಕ್ಕೆ ಬಿತ್ತು. ಮಗಳಿಗೆ ಕಳಿಸಿಟ್ಟಿದ್ದ ಆ ಕಡತದಿಂದ ಹೊಸ ಫೋನಿನಲ್ಲಿ ಐದೇ ನಿಮಿಷಕ್ಕೆ ಎಲ್ಲ ವಾಪಸ್ ಬಂತು.

ಸುಣ್ಣದ ವಿಷಯ ಬರೆದಿದ್ದ ಆ ಕೃಷಿಕರು ನಡುವೆ ಬರೆಯುವುದನ್ನೇ ನಿಲ್ಲಿಸಿದ್ದರು. ಹದಿನಾಲ್ಕು ತಿಂಗಳು ಒಂದಕ್ಷರವೂ ಇರಲಿಲ್ಲ. ಪಕ್ಕದ ಮನೆ ಭಾವ ನನ್ನ ಪಟ್ಟಿ ನೋಡಿ “ಇದನ್ನ ಎಂತಕೆ ಇಟ್ಕಂಡಿದ್ದೆ ಭಾವ, ತೆಗಿ” ಅಂದಿದ್ದ. ಇರಲಿ ಅಂತ ಬಿಟ್ಟಿದ್ದೆ. ಕಳೆದ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬೆಟ್ಟದ ಮೇಲೆ ಅವರ ಹೆಸರಿನ ಮುಂದೆ ಒಂದು ಹೊಸ ಬರಹ ಕಾಣಿಸಿತು. ಕಾಳುಮೆಣಸನ್ನು ಹಿಪ್ಪಲಿ ಬುಡಕ್ಕೆ ಕಸಿ ಕಟ್ಟುವ ಬಗೆ, ಸೊರಗು ರೋಗ ಹಿಪ್ಪಲಿ ಬೇರಿಗೆ ಸುಲಭಕ್ಕೆ ಹತ್ತುವುದಿಲ್ಲ ಅನ್ನುವ ಕಾರಣ, ತಾವು ಕಟ್ಟಿದ್ದರಲ್ಲಿ ಎಷ್ಟು ಬದುಕಿದವು ಅನ್ನುವ ಲೆಕ್ಕ, ಎಲ್ಲ ಬರೆದಿದ್ದರು. ಸಂಜೆ ಜಗುಲಿಯಲ್ಲಿ ಎರಡು ಸಲ ಓದಿದೆ. ಈ ಸಲ ಮಳೆ ಬೀಳುವ ಮೊದಲೇ ಹಿಪ್ಪಲಿ ಗಿಡ ತಂದಿಟ್ಟೆ, ಕಸಿಗೆ ಬೇಕಾದ ಮೆಣಸಿನ ಬಳ್ಳಿಗಳಿಗೆ ಗುರುತಿನ ದಾರವನ್ನೂ ಕಟ್ಟಿದೆ.