ಹೊಸಬರಿಗೆ ಮಾರ್ಗದರ್ಶಿ: ಇಂಗ್ಲೆಂಡಿನಲ್ಲಿ ಮೊದಲ ವರ್ಷದ ಆರೋಗ್ಯ, ಒಬ್ಬ ಜಿಪಿ ಹೇಳುವಂತೆ

ಮನೆ ಸಿಕ್ಕಿದೆ, ಬ್ಯಾಂಕ್ ಖಾತೆ ಆಗಿದೆ, ಮಕ್ಕಳ ಶಾಲೆಗೆ ಅರ್ಜಿ ಹಾಕಿದ್ದೀರಿ. ಇದರ ನಡುವೆ ಹೆಚ್ಚಿನವರು ಮುಂದೂಡುವ ಕೆಲಸ ಒಂದಿದೆ: ಜಿಪಿ ಹತ್ತಿರ ಹೆಸರು ಬರೆಸುವುದು. ಜಿಪಿ ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್. ನಾನೂ ಅದೇ ಕೆಲಸದಲ್ಲಿದ್ದೇನೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ನನಗೆ ಬರುವ ಪ್ರಶ್ನೆಗಳಿಗೆ ಉತ್ತರ ಬರೆದುಕೊಡಿ ಎಂದು ಸಂಘದವರು ಕೇಳಿದರು. ಇದು ಇಂಗ್ಲೆಂಡಿನ ವ್ಯವಸ್ಥೆ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಕೆಲವು ವಿಷಯ ಬೇರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸಿಗುವ ಸೌಲಭ್ಯ ಬಹಳ, ಆದರೆ ಬಹುಪಾಲು ಕೇಳಿದವರಿಗೆ ಮಾತ್ರ ಸಿಗುತ್ತದೆ. ನಮ್ಮವರು ಕೇಳುವುದರಲ್ಲಿ ಸ್ವಲ್ಪ ಹಿಂದೆ.

ಮೊದಲ ವಾರದ ಕೆಲಸ

ಜ್ವರ ಬಂದ ಮೇಲೆ ಡಾಕ್ಟರ್ ಹುಡುಕೋಣ ಎಂದು ಕೂರಬೇಡಿ. ನೋಂದಣಿಗೆ ದುಡ್ಡಿಲ್ಲ. ವಿಳಾಸದ ದಾಖಲೆ ಇಲ್ಲ ಎಂಬ ಕಾರಣಕ್ಕೆ ನಿಮ್ಮನ್ನು ವಾಪಸ್ ಕಳಿಸುವಂತಿಲ್ಲ. ಇದ್ದರೆ ಕೆಲಸ ಸಲೀಸು, ಅಷ್ಟೇ. ವೀಸಾ ಜೊತೆಗೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಿ ಅಲ್ವಾ? ಫೆಬ್ರವರಿ 2024ರಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಅಷ್ಟು ಕೊಟ್ಟು ಉಪಯೋಗಿಸದೆ ಇರುವುದು ಯಾವ ನ್ಯಾಯ? ನೋಂದಣಿ ಆದ ಮೇಲೆ ಫೋನಿಗೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆ್ಯಪ್ ಹಾಕಿಕೊಳ್ಳಿ. ರಕ್ತಪರೀಕ್ಷೆಯ ಫಲಿತಾಂಶ ನೋಡುವುದು, ತಿಂಗಳ ಮಾತ್ರೆ ಮತ್ತೆ ಕೇಳುವುದು ಎಲ್ಲಾ ಅದರಲ್ಲೇ ಆಗುತ್ತದೆ.

ಮಕ್ಕಳಿದ್ದರೆ ಊರಿನ ಲಸಿಕೆ ಕಾರ್ಡನ್ನು ತಪ್ಪದೆ ಕೊಡಿ. ಇಲ್ಲಿನ ಪಟ್ಟಿ ಬೇರೆ. ಇಲ್ಲಿ ಮೆನಿಂಜೈಟಿಸ್ ಬಿ ಲಸಿಕೆಯನ್ನು ಎಲ್ಲಾ ಕೂಸುಗಳಿಗೂ ಕೊಡುತ್ತಾರೆ, ನಮ್ಮ ಸರ್ಕಾರಿ ಪಟ್ಟಿಯಲ್ಲಿ ಅದು ಇಲ್ಲ. ಯಾವುದು ಬಾಕಿ ಎಂದು ನರ್ಸ್ ನೋಡಿ ಹೇಳುತ್ತಾರೆ.

ಹತ್ತು ನಿಮಿಷದಲ್ಲಿ ಏನು ಹೇಳಬೇಕು

ಊರಿನಲ್ಲಿ ಮಂಡಿ ನೋವಿಗೆ ನೇರ ಮೂಳೆ ಡಾಕ್ಟರ ಹತ್ತಿರ ಹೋಗುತ್ತೇವೆ. ಇಲ್ಲಿ ತಜ್ಞರನ್ನು ನೋಡಬೇಕಾದರೆ ಸಾಮಾನ್ಯವಾಗಿ ಜಿಪಿ ಪತ್ರ ಬರೆಯಬೇಕು. ಅಪಾಯಿಂಟ್‌ಮೆಂಟಿಗೆ ಬೆಳಿಗ್ಗೆ 8ಕ್ಕೆ ಫೋನ್ ಮಾಡಬೇಕು, ಇಲ್ಲವೇ ಆನ್‌ಲೈನ್ ಫಾರಂ ತುಂಬಬೇಕು. ಏನು ತೊಂದರೆ ಎಂದು ರಿಸೆಪ್ಷನಿಸ್ಟ್ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮನ್ನು ನರ್ಸ್ ನೋಡಬೇಕೋ, ಫಾರ್ಮಸಿಸ್ಟೋ, ಡಾಕ್ಟರೋ, ಇವತ್ತೇ ನೋಡಬೇಕೋ ಎಂದು ತೀರ್ಮಾನಿಸುವುದು ಅವರ ಕೆಲಸ. "ಪರ್ಸನಲ್" ಅಂದರೆ ಸಾಕು, ಮುಂದೆ ಒತ್ತಾಯ ಮಾಡುವುದಿಲ್ಲ. ಆದರೆ ತುರ್ತಿನದಾದರೆ ಮುಚ್ಚಿಡಬೇಡಿ.

ಸಾಮಾನ್ಯವಾಗಿ ಸಿಗುವುದು ಹತ್ತು ನಿಮಿಷ. ನಮ್ಮವರು ಕ್ಷೇಮ ಸಮಾಚಾರದಿಂದ ಶುರು ಮಾಡಿ, ನೆಗಡಿ ಹೇಳಿ, ಬೆನ್ನು ನೋವು ಹೇಳಿ, ಎದ್ದು ಬಾಗಿಲ ಹತ್ತಿರ ಹೋದ ಮೇಲೆ "ಅಂದಹಾಗೆ ಡಾಕ್ಟ್ರೇ, ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತೆ" ಅನ್ನುತ್ತಾರೆ. ಆ ಕೊನೆಯ ಮಾತು ಮೊದಲು ಬರಬೇಕು. ಜೊತೆಗೇ ಮನೆತನದ ಕಾಯಿಲೆಗಳನ್ನೂ ಹೇಳಿ: ಅಪ್ಪನಿಗೆ ಯಾವ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಯಿತು, ಅಮ್ಮನಿಗೆ ಶುಗರ್ ಇದೆಯಾ, ಅಕ್ಕನಿಗೆ ಥೈರಾಯ್ಡ್ ಇದೆಯಾ. ಕೇಳದೆ ಇದ್ದರೂ ಹೇಳಿ.

ಅತ್ತೆ ಮಾವನಿಗೆ ಇಂಗ್ಲಿಷ್ ಬರದಿದ್ದರೆ ಕನ್ನಡದ ದುಭಾಷಿ ಬೇಕೆಂದು ಮೊದಲೇ ತಿಳಿಸಿ. ಫೋನಿನಲ್ಲಿ ಬರುತ್ತಾರೆ, ನೀವು ದುಡ್ಡು ಕೊಡಬೇಕಾಗಿಲ್ಲ. ಎಂಟು ವರ್ಷದ ಮೊಮ್ಮಗಳ ಬಾಯಲ್ಲಿ ಅಜ್ಜಿಯ ಗರ್ಭಕೋಶದ ತೊಂದರೆ ಹೇಳಿಸುವುದು ಯಾರಿಗೂ ಒಳ್ಳೆಯದಲ್ಲ.

ಎಲ್ಲದಕ್ಕೂ ಜಿಪಿ ಬೇಡ. ಜನವರಿ 2024ರಲ್ಲಿ ಶುರುವಾದ ಫಾರ್ಮಸಿ ಫಸ್ಟ್ ಯೋಜನೆಯಲ್ಲಿ ಏಳು ತೊಂದರೆಗಳಿಗೆ ಔಷಧಿ ಅಂಗಡಿಯ ಫಾರ್ಮಸಿಸ್ಟೇ ನೋಡಿ, ಬೇಕಿದ್ದರೆ ಆ್ಯಂಟಿಬಯೋಟಿಕ್ ಕೂಡ ಕೊಡಬಹುದು. ಗಂಟಲು ನೋವು, ಮಕ್ಕಳ ಕಿವಿ ನೋವು, ಹೆಂಗಸರ ಉರಿಮೂತ್ರ, ಸರ್ಪಸುತ್ತು ಇವೆಲ್ಲ ಅದರಲ್ಲಿವೆ. ರಾತ್ರಿ ಹೊತ್ತು ಏನು ಮಾಡಬೇಕು ಗೊತ್ತಾಗದಿದ್ದರೆ 111ಕ್ಕೆ ಫೋನ್ ಮಾಡಿ, ಅದು ಆರೋಗ್ಯ ಸಲಹೆಯ ನಂಬರ್. ಎದೆ ನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಮಗುವಿನ ಮೈಮೇಲೆ ಗಾಜಿನ ಲೋಟ ಒತ್ತಿದರೂ ಮಾಯವಾಗದ ಕಲೆಗಳು ಕಂಡರೆ ತುರ್ತು ನಂಬರ್ 999. ಆಗ ಊರಿಗೆ ಫೋನ್ ಮಾಡಿ ಡಾಕ್ಟರ್ ಭಾವನನ್ನು ಕೇಳುತ್ತಾ ಕೂರಬೇಡಿ.

"ಪ್ಯಾರಸಿಟಮಾಲ್ ಕೊಟ್ಟು ಕಳಿಸಿಬಿಟ್ಟರು"

ನಾನು ಅತಿ ಹೆಚ್ಚು ಕೇಳುವ ದೂರು ಇದು. ದೂರುವವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ನಾನು ಆ ಡಾಕ್ಟರ ಪರ. ನೆಗಡಿ, ಗಂಟಲು ಕೆರೆತ, ಕೆಮ್ಮು ಹೆಚ್ಚಾಗಿ ವೈರಸ್‌ನಿಂದ ಬರುತ್ತವೆ. ಅದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಕೆಮ್ಮು ಮೂರು ನಾಲ್ಕು ವಾರ ಎಳೆಯುವುದು ಇಲ್ಲಿ ಮಾಮೂಲು. ನರ್ಸರಿಗೆ ಹೋಗುವ ಮಗು ಮೊದಲ ಚಳಿಗಾಲ ಪೂರ್ತಿ ಮೂಗು ಸೋರಿಸಿಕೊಂಡೇ ಇರುತ್ತದೆ. ಮಗು ಕುಡಿಯುವುದು ಬಿಟ್ಟರೆ, ಪಕ್ಕೆ ಒಳಗೆ ಹೋಗುವಂತೆ ಉಸಿರಾಡಿದರೆ, ಒದ್ದೆಯಾಗುವ ನ್ಯಾಪಿ ಕಡಿಮೆಯಾದರೆ, ಮಂಕಾಗಿ ಬಿದ್ದುಕೊಂಡರೆ ಆಗ ತಕ್ಷಣ ಬನ್ನಿ.

ಲೆಕ್ಕ ಮಾತ್ರ ತಪ್ಪಬೇಡಿ. ಇಲ್ಲಿ ಪ್ಯಾರಸಿಟಮಾಲ್ ಮಾತ್ರೆ 500 ಮಿಲಿಗ್ರಾಂ, ದೊಡ್ಡವರಿಗೆ ಒಂದು ದಿನಕ್ಕೆ ಎಂಟು ಮಾತ್ರೆಯೇ ಮಿತಿ. ಊರಿನಿಂದ ತಂದ ಡೋಲೋ 650 ನುಂಗಿ, ಮೇಲೆ ಬಿಸಿನೀರಿನಲ್ಲಿ ಲೆಮ್‌ಸಿಪ್ ಎಂಬ ನೆಗಡಿ ಪುಡಿ ಕಲಸಿ ಕುಡಿದರೆ ಎರಡರಲ್ಲೂ ಇರುವುದು ಪ್ಯಾರಸಿಟಮಾಲೇ. ಸೂಟ್‌ಕೇಸಿನಲ್ಲಿರುವ ಅಜಿತ್ರೋಮೈಸಿನ್, ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಬೆರೆತ ಮುಲಾಮು ಇವನ್ನೂ ನೀವಾಗಿಯೇ ಶುರು ಮಾಡಬೇಡಿ.

ಇನ್ನು ಔಷಧಿಯ ದುಡ್ಡು. 2025ರಲ್ಲಿ ಒಂದು ಔಷಧಿಗೆ 9.90 ಪೌಂಡ್. ಮಕ್ಕಳಿಗೆ, 60 ದಾಟಿದವರಿಗೆ, ಗರ್ಭಿಣಿಯರಿಗೆ, ಹೆರಿಗೆಯಾಗಿ ಒಂದು ವರ್ಷದೊಳಗಿನ ಅಮ್ಮಂದಿರಿಗೆ ಪುಕ್ಕಟೆ. ನಮ್ಮವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲದ ಸಂಗತಿ: ಥೈರಾಕ್ಸಿನ್ ತೆಗೆದುಕೊಳ್ಳುವವರು, ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವಿನಾಯಿತಿ ಪತ್ರ ಮಾಡಿಸಿದರೆ ಅವರ ಎಲ್ಲಾ ಔಷಧಿಯೂ ಪುಕ್ಕಟೆ. ಜಿಪಿ ಕ್ಲಿನಿಕ್ಕಿನಲ್ಲಿ (ಇಲ್ಲಿ ಅದನ್ನೇ ಸರ್ಜರಿ ಅನ್ನುತ್ತಾರೆ) ಫಾರಂ ಕೇಳಿ. ಯಾರೂ ತಾವಾಗಿ ತಂದು ಕೊಡುವುದಿಲ್ಲ.

ಅನ್ನ ಬಿಡಬೇಡಿ, ನಡೆಯುವುದನ್ನೂ ಬಿಡಬೇಡಿ

ದಕ್ಷಿಣ ಏಷ್ಯಾದ ನಮ್ಮ ಮೈಗೆ ಶುಗರ್, ಹೃದಯದ ಕಾಯಿಲೆ ಬೇಗ ಬರುತ್ತವೆ. ಬಿಳಿಯರಿಗೆ ಟೈಪ್ 2 ಡಯಾಬಿಟಿಸ್ ಭಯ 40ರ ನಂತರ ಜಾಸ್ತಿಯಾದರೆ ನಮಗೆ 25ರಿಂದಲೇ. ತೂಕದ ಅಳತೆಯೂ ಬೇರೆ. ಅವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ದಾಟಿದರೆ ತೂಕ ಹೆಚ್ಚು, ನಮಗೆ 23 ದಾಟಿದರೇ ಹೆಚ್ಚು. ತೂಕದ ಯಂತ್ರ ಬೇಡ ಎಂದರೆ ಒಂದು ಟೇಪ್ ತಗೊಳ್ಳಿ. ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿದ್ದರೆ, "ನಾನು ದಪ್ಪ ಇಲ್ಲ" ಅನ್ನುವ ಸಮಾಧಾನ ಬೇಡ.

ಇಲ್ಲೊಂದು ತೊಡಕಿದೆ. ಇಂಗ್ಲೆಂಡಿನಲ್ಲಿ ಉಚಿತ ಹೆಲ್ತ್ ಚೆಕ್‌ಗೆ ಕರೆಯುವುದು 40ರಿಂದ 74ರವರನ್ನು. ನಿಮಗೆ 32 ವರ್ಷ, ಅಪ್ಪ ಅಮ್ಮ ಇಬ್ಬರಿಗೂ ಶುಗರ್ ಅಂದರೂ ಯಾರೂ ಕರೆಯುವುದಿಲ್ಲ. ಮನೆತನದ ವಿಷಯ ಹೇಳಿ ನೀವೇ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) ಪರೀಕ್ಷೆ ಕೇಳಿ. ಫಲಿತಾಂಶ ನೋಡಿ ಗಾಬರಿಯಾಗಬೇಡಿ. ಊರಿನ 6.5 ಶೇಕಡಾ ಇಲ್ಲಿ 48 ಎಂದು ಬರುತ್ತದೆ. 42ರಿಂದ 47 ಅಂದರೆ ಅಂಚಿನಲ್ಲಿದ್ದೀರಿ, ತಿದ್ದಿಕೊಳ್ಳಲು ಇದೇ ಸಮಯ. ಮನೆಯ ಮೀಟರ್ ಇಲ್ಲಿಯದಾದರೆ ಅದರ ಅಂಕಿಯನ್ನು 18ರಿಂದ ಗುಣಿಸಿ: 7 ತೋರಿಸಿದರೆ ಊರಿನ ಲೆಕ್ಕದಲ್ಲಿ 126.

ಊಟದ ವಿಷಯದಲ್ಲಿ ನನ್ನದು ಸರಳ ಅಭಿಪ್ರಾಯ. ಅನ್ನ, ಸಾರು, ಪಲ್ಯ, ಮಜ್ಜಿಗೆ ತಿಂದು ಯಾರೂ ಕೆಡುವುದಿಲ್ಲ. ಬದಲಾಗಿರುವುದು ಪ್ರಮಾಣ, ಮತ್ತು ಊಟದ ನಡುವೆ ತಿನ್ನುವ ತಿಂಡಿ. ಊರಿನಲ್ಲಿ ಬಸ್ ಸ್ಟಾಪಿಗೆ, ಮಾರ್ಕೆಟ್ಟಿಗೆ, ದೇವಸ್ಥಾನಕ್ಕೆ ನಡೆಯುತ್ತಿದ್ದಿರಿ. ಇಲ್ಲಿ ಮನೆಯಿಂದಲೇ ಕೆಲಸ, ಫ್ರೀಜರಿನಲ್ಲಿ ಪರೋಟ, ಚಹಾ ಜೊತೆ ಬಿಸ್ಕತ್ತು, ಕ್ರಿಸ್ಪ್ಸ್, ರಾತ್ರಿ ಒಂಬತ್ತೂವರೆಗೆ ಊಟ. ಅದನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ. ತಟ್ಟೆಯ ಅರ್ಧ ಭಾಗ ಪಲ್ಯ, ಕೋಸಂಬರಿ; ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು; ಉಳಿದ ಕಾಲು ಭಾಗ ಅನ್ನ ಅಥವಾ ಚಪಾತಿ. ಹುಳಿಯಲ್ಲಿ ಕಾಳು ಜಾಸ್ತಿ ಹಾಕಿ. ಫ್ರೋಜನ್ ಬೀನ್ಸ್, ಬಟಾಣಿ, ಪಾಲಕ್ ಕೀಳಲ್ಲ, ಅಗ್ಗವೂ ಹೌದು. ವೆಂಬ್ಲಿ, ಈಸ್ಟ್ ಹ್ಯಾಮ್, ಲೆಸ್ಟರ್ ಕಡೆಯ ಇಂಡಿಯನ್ ಅಂಗಡಿಗಳಲ್ಲಿ ರಾಗಿ ಹಿಟ್ಟು ಸಿಗುತ್ತದೆ. ಮುದ್ದೆ ಒಳ್ಳೆಯದು. ಆದರೆ ಮುದ್ದೆಯೂ ಹಿಟ್ಟೇ, ಎರಡು ತಿಂದು ಮೇಲೆ ಅನ್ನ ಬಡಿಸಿಕೊಂಡರೆ ಶುಗರ್ ಏರುತ್ತದೆ.

ಉಪ್ಪು ದಿನಕ್ಕೆ 6 ಗ್ರಾಂ, ಅಂದರೆ ಒಂದು ಟೀ ಚಮಚ, ಎಲ್ಲಾ ಸೇರಿ. ಉಪ್ಪಿನಕಾಯಿ, ಹಪ್ಪಳ, ಬ್ರೆಡ್, ಬಾಟಲಿ ಸಾಸ್ ಎಲ್ಲಾ ಅದರೊಳಗೇ ಬಂತು. ಎಷ್ಟೋ ಪೊಟ್ಟಣಗಳ ಮುಂದೆ ಕೆಂಪು, ಹಳದಿ, ಹಸಿರು ಬಣ್ಣದ ಗುರುತಿರುತ್ತದೆ. ಉಪ್ಪು, ಸಕ್ಕರೆ ಎದುರು ಕೆಂಪಿದ್ದರೆ ಅದು ಹಬ್ಬಕ್ಕೆ ಮಾತ್ರ.

ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಮಾತಾಡಬಹುದು ಆದರೆ ಹಾಡು ಹೇಳಲಾಗದು ಅನ್ನುವಷ್ಟು ಬಿರುಸು. ಮಳೆ ನಿಲ್ಲಲಿ ಎಂದು ಕಾದರೆ ಇಲ್ಲಿ ನಡೆದ ಹಾಗೇ ಇಲ್ಲ, ಒಂದು ಒಳ್ಳೆಯ ಮಳೆ ಜಾಕೆಟ್ ಕೊಳ್ಳಿ. ಒಬ್ಬರೇ ಹೋಗಲು ಬೇಜಾರಾದರೆ ಪಾರ್ಕ್‌ರನ್ ಇದೆ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನರಿಂದ ಶುರುವಾದದ್ದು, ಈಗ ದೇಶದ ತುಂಬಾ ಇದೆ. ಶನಿವಾರ ಬೆಳಿಗ್ಗೆ 9ಕ್ಕೆ 5 ಕಿಲೋಮೀಟರ್, ಪುಕ್ಕಟೆ. ಹೆಸರಿನಲ್ಲಿ ಓಟ ಇದೆ ಅಷ್ಟೇ, ನಡೆದುಕೊಂಡೇ ಮುಗಿಸಿದರೂ ಯಾರೂ ಏನೂ ಅನ್ನುವುದಿಲ್ಲ. ಮಕ್ಕಳಿಗೆ ಭಾನುವಾರ 2 ಕಿಲೋಮೀಟರಿನದು ಬೇರೆ ಇದೆ.

ಬಿಸಿಲು, ತೇವ, ಕತ್ತಲು

ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಲಂಡನ್ 51ರಲ್ಲಿ. ಅಕ್ಟೋಬರಿನಿಂದ ಮಾರ್ಚ್ ಶುರುವಿನವರೆಗೆ ಇಲ್ಲಿನ ಬಿಸಿಲಿನಲ್ಲಿ ಮೈ ವಿಟಮಿನ್ ಡಿ ತಯಾರಿಸುವುದಿಲ್ಲ. ನಮ್ಮ ಚರ್ಮದವರಿಗೆ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ಮಾತ್ರೆ ಒಳ್ಳೆಯದು. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೂ ಅಷ್ಟೇ. ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಊರಿನಿಂದ ತಂದ 60,000 ಯೂನಿಟ್‌ನ ಪುಡಿಯನ್ನು ಪರೀಕ್ಷೆ ಮಾಡಿಸದೆ ವಾರವಾರ ಕುಡಿಯುತ್ತಾ ಹೋಗಬೇಡಿ, ಅತಿಯಾದರೆ ಮೂತ್ರಪಿಂಡಕ್ಕೆ ಏಟು. ಸಸ್ಯಾಹಾರಿಗಳು ಹಾಲು ಮೊಸರನ್ನೂ ಕಡಿಮೆ ಮಾಡಿದ್ದರೆ, ಸುಸ್ತು, ಕಾಲು ಜೋಮು ಇದ್ದರೆ ಬಿ12 ನೋಡಿಸಿ.

ಮನೆಯ ತೇವದ ಬಗ್ಗೆಯೂ ಹೇಳಲೇಬೇಕು. ಚಳಿ ಎಂದು ಕಿಟಕಿ ಮುಚ್ಚಿ, ಒಳಗೇ ಬಟ್ಟೆ ಒಣಗಿಸಿ, ಕುಕ್ಕರಿನ ಆವಿಯನ್ನೂ ಒಳಗೇ ಬಿಟ್ಟರೆ ಗೋಡೆ ಮೂಲೆಯಲ್ಲಿ ಕಪ್ಪು ಬೂಷ್ಟು ಬರುತ್ತದೆ. ಅಸ್ತಮಾ ಇರುವ ಮಗುವಿಗೆ ಅದು ವಿಷ. ಅಡುಗೆ ಮಾಡುವಾಗ, ಸ್ನಾನದ ನಂತರ ಆವಿ ಹೊರಗೆಳೆಯುವ ಫ್ಯಾನ್ ಹಾಕಿ, ದಿನಾ ಸ್ವಲ್ಪ ಹೊತ್ತು ಕಿಟಕಿ ತೆಗೆಯಿರಿ. ಊದುಬತ್ತಿ ಹಚ್ಚಿದಾಗಲೂ ಅಷ್ಟೇ. ಆದರೂ ಬೂಷ್ಟು ಹೋಗದಿದ್ದರೆ ಮನೆ ಮಾಲೀಕರಿಗೆ ಫೋಟೋ ಸಮೇತ ಬರೆದು ತಿಳಿಸಿ, ಬಾಯಿಮಾತಿನಲ್ಲಿ ಬಿಡಬೇಡಿ.

ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಕತ್ತಲು. ಗಂಡನದೋ ಹೆಂಡತಿಯದೋ ವೀಸಾ ಮೇಲೆ ಬಂದು, ಊರಿನ ಕೆಲಸ ಬಿಟ್ಟು, ಇಡೀ ದಿನ ಒಬ್ಬರೇ ಮನೆಯಲ್ಲಿರುವವರಿಗೆ ಇದು ದೊಡ್ಡ ಹೊಡೆತ. ಅವರು ನನ್ನ ಹತ್ತಿರ ಬರುವುದು ತಲೆನೋವು, ಗ್ಯಾಸ್ಟ್ರಿಕ್, ನಿದ್ದೆ ಇಲ್ಲ ಎಂದು. ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಸುಮ್ನೆ ಅಳು ಬರುತ್ತದೆ ಎಂದರೆ ಅದನ್ನೂ ಹಾಗೇ ಹೇಳಿ. ಟಾಕಿಂಗ್ ಥೆರಪೀಸ್ ಎಂಬ ಆಪ್ತಸಮಾಲೋಚನೆ ಸೇವೆಗೆ ಜಿಪಿ ಪತ್ರವೂ ಬೇಡ, ಆನ್‌ಲೈನ್‌ನಲ್ಲಿ ನೀವೇ ಹೆಸರು ಕೊಡಬಹುದು. ಡಾಕ್ಟರ ಹತ್ತಿರ ಆಡಿದ ಮಾತು ಸಂಗಾತಿಗಾಗಲಿ, ಆಫೀಸಿಗಾಗಲಿ, ನನ್ನಂಥ ಕನ್ನಡದ ಡಾಕ್ಟರಿಂದ ಸಂಘಕ್ಕಾಗಲಿ ಹೋಗುವುದಿಲ್ಲ. ಜೀವ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ 111ಕ್ಕೆ ಫೋನ್ ಮಾಡಿ ಮಾನಸಿಕ ಆರೋಗ್ಯದ ಆಯ್ಕೆ ಒತ್ತಿ. ಪ್ರಾಣಕ್ಕೇ ಅಪಾಯ ಅನ್ನುವಂತಿದ್ದರೆ 999.

ಹೆಂಗಸರಿಗೆ ಇನ್ನೊಂದು ಮಾತು. 25ರಿಂದ 64ರವರೆಗೆ ಗರ್ಭಕೋಶದ ಕಂಠದ ಪರೀಕ್ಷೆಗೆ ಕರೆ ಬರುತ್ತದೆ. ಬಿಸಾಡಬೇಡಿ. ಮಾಡುವವರು ಹೆಚ್ಚಾಗಿ ಮಹಿಳಾ ನರ್ಸ್, ಕೆಲವೇ ನಿಮಿಷದ ಕೆಲಸ.

ಅಪ್ಪ ಅಮ್ಮ ಬಂದಾಗ

ವಿಸಿಟರ್ ವೀಸಾದಲ್ಲಿ ಬಂದವರನ್ನು ಜಿಪಿ ದುಡ್ಡಿಲ್ಲದೆ ನೋಡಬಹುದು, ಎಮರ್ಜೆನ್ಸಿ ವಿಭಾಗದ ಚಿಕಿತ್ಸೆಗೂ ಬಿಲ್ ಇಲ್ಲ. ಆದರೆ ಅಲ್ಲಿಂದ ವಾರ್ಡಿಗೆ ಸೇರಿಸಿದರೆ ಬಿಲ್ ಶುರು, ಅದೂ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. 500 ಪೌಂಡ್ ಅಥವಾ ಹೆಚ್ಚು ಬಾಕಿ ಉಳಿದರೆ ಮುಂದಿನ ವೀಸಾಕ್ಕೆ ತೊಂದರೆ. ಆದ್ದರಿಂದ ಟಿಕೆಟ್ ಜೊತೆಗೇ ಇನ್ಶೂರೆನ್ಸ್ ಮಾಡಿಸಿ, ಬಿಪಿ, ಶುಗರ್ ಇರುವುದನ್ನು ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟರೆ ಬೇಕಾದ ಹೊತ್ತಿಗೆ ಕಂಪನಿ ಕೈ ಎತ್ತುತ್ತದೆ. ಇರುವಷ್ಟು ದಿನಕ್ಕೂ ಮಾತ್ರೆ ತರಲು ಹೇಳಿ, ಡಾಕ್ಟರ್ ಚೀಟಿ ಸಮೇತ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ ಇದ್ದರೆ ಡಾಕ್ಟರ ಪತ್ರವೂ ಜೊತೆಗಿರಲಿ. ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿ, ಒಳಗಿರುವ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಓದಲು ಬರುವಂತೆ ಫೋಟೋ ತೆಗೆದು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ.