ಬಿಸಿನೀರಿಗಾಗಿ ಒಂದು ದಿನ: ವಜ್ರೇಶ್ವರಿಗೆ ಎರಡನೆಯ ಸಲ ಹೋದ ಬಗೆ

ನಾವು ಐವರು ಮುಂಬಯಿಯ ಕನ್ನಡ ರಾತ್ರಿಶಾಲೆಯೊಂದರಲ್ಲಿ ಒಂದೇ ಬೆಂಚಿನವರು. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಪಾಠಕ್ಕೆ ಕೂರುತ್ತಿದ್ದ ಹುಡುಗರಿಗೆ ಈಗ ಅರವತ್ತು ದಾಟಿದೆ. ಒಬ್ಬನಿಗೆ ಮಂಡಿನೋವು, ಇಬ್ಬರಿಗೆ ರಕ್ತದೊತ್ತಡ, ಒಬ್ಬನಿಗೆ ಸಕ್ಕರೆ ಕಾಯಿಲೆ. ಮುಂಬಯಿಯ ಆಚೆ ದೇವಿಯ ಗುಡಿಯಿರುವ ವಜ್ರೇಶ್ವರಿಯ ಬಿಸಿನೀರಿನ ಕುಂಡಗಳಲ್ಲಿ ಮೀಯಬೇಕೆಂಬ ಆಸೆ ಇಂಥ ಶರೀರಗಳಿಗೇ ಹೆಚ್ಚು, ಎಚ್ಚರವೂ ಇವಕ್ಕೇ ಹೆಚ್ಚು ಬೇಕು. ಇದನ್ನು ನಾವು ಮೊದಲ ಪ್ರವಾಸದಲ್ಲಿ ತಪ್ಪು ಮಾಡಿ ಕಲಿತೆವು.

ಆ ಸಲ ಮೇ ತಿಂಗಳ ಒಂದು ಭಾನುವಾರ ಹೊರಟಿದ್ದೆವು. ತಲಪುವ ಹೊತ್ತಿಗೆ ಹನ್ನೊಂದು ಗಂಟೆ. ಹಸಿವೆಯೆಂದು ಹೊಟ್ಟೆ ತುಂಬ ಉಂಡು, ನಡುಹಗಲಿನಲ್ಲಿ ಕುಂಡಕ್ಕಿಳಿದು, ಹಳೆಯ ಮಾತುಗಳಲ್ಲಿ ಅರ್ಧ ಗಂಟೆಗೂ ಮಿಕ್ಕಿ ನೀರಿನಲ್ಲೇ ಕುಳಿತೆವು. ಕುಂದಾಪುರದ ಮಿತ್ರನು ಎದ್ದು ನಿಂತ ಕೂಡಲೇ ಕಣ್ಣು ಕತ್ತಲಿಟ್ಟು ಕುಸಿದನು. ಪಕ್ಕದಲ್ಲಿದ್ದ ಅಪರಿಚಿತರಿಬ್ಬರು ಹಿಡಿದುಕೊಂಡದ್ದರಿಂದ ತಲೆ ಕಲ್ಲಿಗೆ ಬಡಿಯಲಿಲ್ಲ. ಬಿಸಿನೀರಿನಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿದಿರುತ್ತದೆ. ಥಟ್ಟನೆ ಎದ್ದರೆ ರಕ್ತ ಕಾಲಿನ ಕಡೆಗೆ ಇಳಿದು ಮಿದುಳಿಗೆ ಸಾಲದಾಗುತ್ತದೆ. ಒತ್ತಡದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಬೇಗ ಆಗುತ್ತದೆ ಎಂದು ಮರುದಿನ ವೈದ್ಯರು ವಿವರಿಸಿದರು. ತಪ್ಪು ನೀರಿನದ್ದಲ್ಲ, ನಮ್ಮದು.

ಎರಡನೆಯ ಸಲ ಇಡೀ ದಿನವನ್ನು ನೀರಿನ ಸುತ್ತಲೇ ಕಟ್ಟಿದೆವು. ಜನವರಿಯ ಒಂದು ಬುಧವಾರವನ್ನು ಆರಿಸಿಕೊಂಡೆವು. ಚಳಿಯಲ್ಲಿ ಬಿಸಿನೀರು ಹಿತ, ವಾರದ ನಡುವೆ ಜನಸಂದಣಿಯೂ ಕಡಿಮೆ. ಮಳೆಗಾಲವನ್ನು ನಾವು ಮೊದಲೇ ಕೈಬಿಟ್ಟೆವು, ಏಕೆಂದರೆ ಕುಂಡಗಳಿರುವುದು ತಾನ್ಸಾ ನದಿಯ ದಂಡೆಯ ಆಸುಪಾಸಿನಲ್ಲಿ, ಮತ್ತು ಉಕ್ಕಿ ಹರಿಯುವ ಹೊಳೆಯ ಬದಿಯ ಪಾಚಿಗಟ್ಟಿದ ಕಲ್ಲುಗಳು ನಮ್ಮ ವಯಸ್ಸಿನವರಿಗೆ ಒದಗುವಂಥವಲ್ಲ. ಹೊರಡುವ ಮುನ್ನ ಪ್ರತಿಯೊಬ್ಬನೂ ತನ್ನ ವೈದ್ಯರನ್ನು ಕೇಳಿ ಬರಬೇಕೆಂದು ಒಪ್ಪಂದ ಮಾಡಿಕೊಂಡೆವು. ನಮ್ಮೊಳಗಿನ ಒಬ್ಬನಿಗೆ ಕುಂಡಕ್ಕೆ ಇಳಿಯಬೇಡಿ, ಬೇಕಿದ್ದರೆ ತಂಬಿಗೆಯಲ್ಲಿ ಮೊಗೆದು ಹದ ಮಾಡಿಕೊಂಡು ಮೈಮೇಲೆ ಹಾಕಿಕೊಳ್ಳಿ ಎಂಬ ಅಪ್ಪಣೆಯಾಯಿತು. ಅವನು ಹಾಗೆಯೇ ಮಾಡಿದನು, ಯಾರೂ ಒತ್ತಾಯಿಸಲಿಲ್ಲ.

ಬೆಳಗಿನ ಐದರ ಸುಮಾರಿನ ವಿರಾರ್ ಲೋಕಲಿಗೆ ಅಂಧೇರಿಯಲ್ಲಿ ಇಬ್ಬರು, ಗೋರೆಗಾಂವಿನಲ್ಲಿ ನಾನು, ಬೋರಿವಲಿಯಲ್ಲಿ ಉಳಿದಿಬ್ಬರು ಹತ್ತಿದೆವು. ವಿರಾರ್ ಪೂರ್ವದಿಂದ ಎಸ್‌.ಟಿ. ಬಸ್ಸುಗಳಿವೆಯಾದರೂ ಮಂಡಿನೋವಿನವನಿಗಾಗಿ ದಿನದ ಬಾಡಿಗೆಗೆ ಒಂದು ಗಾಡಿ ಗೊತ್ತುಮಾಡಿದ್ದೆವು. ಶಿರಸಾಡ್ ಫಾಟಾದಲ್ಲಿ ಹೆದ್ದಾರಿಯನ್ನು ಬಿಟ್ಟು ಅಂಬಾಡಿಯ ರಸ್ತೆ ಹಿಡಿದರೆ ವಿರಾರಿನಿಂದ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ವಜ್ರೇಶ್ವರಿ. ಅದರ ಮಗ್ಗುಲಿಗೆ ಅಕ್ಲೋಲಿ, ಸ್ವಲ್ಪ ಆಚೆ ಗಣೇಶಪುರಿ. ಮೂರರಲ್ಲೂ ಬಿಸಿನೀರಿನ ಬುಗ್ಗೆಗಳಿವೆ.

ದೇವಿಯ ದರ್ಶನ ಮೊದಲೋ ಸ್ನಾನ ಮೊದಲೋ ಎಂದು ಗಾಡಿಯಲ್ಲಿ ಚರ್ಚೆಯಾಯಿತು. “ಮಿಂದ ಮೇಲೇ ಅಲ್ಲವೇನೋ ಮಾರಾಯ ದೇವರ ಮುಂದೆ ಹೋಗುವುದು?” ಎಂದು ಕುಂದಾಪುರದವನು ಕೇಳಿದಾಗ ಚರ್ಚೆ ಮುಗಿಯಿತು. ಸಂಪ್ರದಾಯವೂ ವೈದ್ಯರ ಮಾತೂ ಒಂದೇ ಕಡೆಗಿದ್ದವು. ಚಹಾ, ಎರಡು ಬಿಸ್ಕತ್ತಿನ ಹೊರತು ಹೊಟ್ಟೆಯಲ್ಲಿ ಭಾರವೇನೂ ಇರಲಿಲ್ಲ.

ಅಕ್ಲೋಲಿಯ ಕುಂಡಗಳು ಕಲ್ಲು ಕಟ್ಟಿದ ಚೌಕಾಕಾರದ ತೊಟ್ಟಿಗಳು. ಎಲ್ಲವುಗಳ ಬಿಸಿ ಒಂದೇ ಸಮನಾಗಿಲ್ಲ. ಒಂದರಲ್ಲಿ ಆರಾಮವಾಗಿ ಕೂರಬಹುದಾದರೆ ಇನ್ನೊಂದರಲ್ಲಿ ಕೈಯಿಡುವುದೂ ಕಷ್ಟ. ಆದ್ದರಿಂದ ಬಟ್ಟೆ ಬಿಚ್ಚುವ ಮೊದಲೇ ಎಲ್ಲ ಕುಂಡಗಳನ್ನೂ ಸುತ್ತಿ ನೋಡಬೇಕು. ಸಕ್ಕರೆ ಕಾಯಿಲೆಯವನು ಅಭ್ಯಾಸದಂತೆ ಪಾದ ಇಳಿಬಿಟ್ಟು ಪರೀಕ್ಷಿಸಲು ಹೊರಟಿದ್ದನು. ಪಾದದ ಸ್ಪರ್ಶಜ್ಞಾನ ಕುಂದಿದವನಿಗೆ ಸುಟ್ಟದ್ದು ತಿಳಿಯುವುದೇ ಬೊಬ್ಬೆ ಎದ್ದ ಮೇಲೆ. ನಾನು ಅವನನ್ನು ತಡೆದು, ಮಗುವಿಗೆ ಎರೆಯುವಾಗ ಅಜ್ಜಿಯರು ಹಂಡೆಯ ನೀರನ್ನು ನೋಡುತ್ತಿದ್ದಂತೆ ಮೊಣಕೈಯಿಂದ ನೋಡಲು ಹೇಳಿದೆ. ಆಮೇಲೆ ಎಲ್ಲರೂ ಹಾಗೆಯೇ ನೋಡಿಕೊಂಡೆವು.

ಬೆಳ್ಳಿಯ ಉಂಗುರ, ಉಡಿದಾರಗಳನ್ನು ತೆಗೆದಿಟ್ಟೆವು. ಈ ನೀರಿನಲ್ಲಿರುವ ಗಂಧಕದ ಅಂಶಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಸಾಬೂನು, ಎಣ್ಣೆಗಳನ್ನು ಮನೆಯಿಂದ ತರಲೇ ಇಲ್ಲ. ಮೈಗೆ ಎಣ್ಣೆ ಹಚ್ಚಿಕೊಂಡು ಇಳಿಯುವ ಆಸೆ ನಮ್ಮವರಿಗೆ ಸಹಜವಾದರೂ, ಹತ್ತಾರು ಜನ ಮೀಯುವ ಕುಂಡವನ್ನು ಜಿಡ್ಡುಗಟ್ಟಿಸುವ ಹಕ್ಕು ಯಾರಿಗೂ ಇಲ್ಲ. ತಲೆ ಮುಳುಗಿಸಕೂಡದು ಎಂಬುದು ನಮ್ಮ ಇನ್ನೊಂದು ಕಟ್ಟುನಿಟ್ಟು. ಬೆಚ್ಚಗಿನ ನೀರಿನಲ್ಲಿ ಬೆಳೆಯುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳನ್ನು ಸೇರಬಲ್ಲದು. ಅದು ಬಲು ವಿರಳ, ಆದರೆ ತಗಲಿದರೆ ಬದುಕುಳಿಯುವವರು ತೀರ ಕಡಿಮೆ. ಕುತ್ತಿಗೆಯವರೆಗೆ ಮಿಂದು, ತಲೆಗೆ ನಾವೇ ತಂದಿದ್ದ ನೀರನ್ನು ಪ್ರೋಕ್ಷಿಸಿಕೊಂಡೆವು. ತೀರ್ಥಸ್ನಾನಕ್ಕೆ ಅದರಿಂದ ಕೊರತೆಯಾಯಿತೆಂದು ನನಗೆ ಅನ್ನಿಸಲಿಲ್ಲ.

ಹತ್ತು ನಿಮಿಷ ನೀರಿನಲ್ಲಿ, ಹತ್ತು ನಿಮಿಷ ಮೆಟ್ಟಿಲ ಮೇಲೆ, ಮತ್ತೆ ಹತ್ತು ನಿಮಿಷ ನೀರಿನಲ್ಲಿ. ಗಡಿಯಾರ ನೋಡುವ ಹೊಣೆ ನೀರಿಗಿಳಿಯದವನದು. ಏಳುವಾಗ ಮೊದಲು ಮೇಲಿನ ಮೆಟ್ಟಿಲಲ್ಲಿ ಕೂತು, ಉಸಿರು ಹದಕ್ಕೆ ಬಂದ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ನಿಂತೆವು. ಕುಡಿಯಲು ಮನೆಯಿಂದ ತಂದ ನೀರು, ಉಪ್ಪು ಹಾಕಿದ ಮಜ್ಜಿಗೆ ಇತ್ತು. ಮಂಡಿನೋವಿನ ಮಿತ್ರನು ಎರಡನೆಯ ಸುತ್ತಿನ ನಂತರ ಕಾಲನ್ನು ಪೂರ್ತಿ ಮಡಚಿ ಕೂತಾಗ ಅವನ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ. ನೋವು ವಾಸಿಯಾಯಿತೆಂದು ನಾನು ಹೇಳಲಾರೆ. ಬಿಸಿ ತಾಗಿ ಬಿಗಿದ ಸ್ನಾಯು ಸಡಿಲವಾಗಿತ್ತು, ಅಷ್ಟು ಅವನಿಗೆ ಸಾಕಾಗಿತ್ತು.

ಮೆಟ್ಟಿಲ ಮೇಲೆ ಕೂತಾಗ ಬೆಳಗಾವಿಯ ಮಿತ್ರನು, “ಒಳಗ ಬೆಂಕಿ ಐತೇನಪಾ?” ಎಂದು ಕೇಳಿದನು. ದೇವಿ ಕೊಂದ ರಾಕ್ಷಸರ ನೆತ್ತರೇ ಹೀಗೆ ಬಿಸಿಯಾಗಿ ಹರಿಯುತ್ತಿದೆ ಎಂಬುದು ಸ್ಥಳದ ಕಥೆ. ಭೂವಿಜ್ಞಾನದ ಪ್ರಕಾರ ಇಲ್ಲಿ ಈಗ ಉರಿಯುವ ಜ್ವಾಲಾಮುಖಿ ಯಾವುದೂ ಇಲ್ಲ. ಕಪ್ಪು ಬಸಾಲ್ಟ್ ಬಂಡೆಯ ಬಿರುಕುಗಳಲ್ಲಿ ಇಂಗಿದ ಮಳೆನೀರು ಬಹು ಆಳಕ್ಕೆ ಇಳಿಯುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರು ಇಳಿದಂತೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯಷ್ಟು ಬಿಸಿ ಏರುವುದರಿಂದ ಆ ನೀರು ಕಾದು, ಇನ್ನೊಂದು ಬಿರುಕಿನಿಂದ ಮೇಲಕ್ಕೆ ಬರುತ್ತದೆ. ಕೊಂಕಣದುದ್ದಕ್ಕೂ ರತ್ನಾಗಿರಿಯ ಉನ್ಹವರೆ, ರಾಜಾಪುರಗಳ ತನಕ ಇಂಥ ಬುಗ್ಗೆಗಳು ಸಾಲುಗಟ್ಟಿವೆ. ಅದೇ ತಾನ್ಸಾ ನದಿಗೆ ಮೇಲ್ಗಡೆ ಕಟ್ಟಿದ ಅಣೆಕಟ್ಟಿನ ನೀರು 1892ರಿಂದ ಮುಂಬಯಿಗೆ ಹರಿಯುತ್ತಿದೆ. ಹೋಟೆಲಿನಲ್ಲಿ ನಾವು ಲೋಟ ತೊಳೆದ ನೀರಿನಲ್ಲಿಯೂ ಈ ಕಣಿವೆಯ ಪಾಲಿತ್ತೆಂಬುದು ಅಂದು ನಮಗೆಲ್ಲ ಹೊಳೆಯಿತು.

ಉಪಾಹಾರ ಮುಗಿಸಿ ದೇವಸ್ಥಾನಕ್ಕೆ ಹೋದೆವು. ಐವತ್ತೆರಡು ಕಲ್ಲಿನ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಬೇಕು. ನಡುವೆ ಒಂದು ಮೆಟ್ಟಿಲಲ್ಲಿ ಕೆತ್ತಿದ, ಪೂಜೆಗೊಳ್ಳುವ ಆಮೆಯಿದೆ. ಜನರು ಅವಸರದಲ್ಲಿ ದಾಟಿಹೋಗುವ ಮಹಾದ್ವಾರದ ಮುಂದೆ ನಾವು ಬೇಕೆಂದೇ ನಿಂತೆವು. ಇದು ಗುಡಿಯ ಬಾಗಿಲಿಗಿಂತ ಕೋಟೆಯ ಬಾಗಿಲಿನಂತಿದೆ, ಸುತ್ತಲ ಗೋಡೆಯೂ ಕೋಟೆಯದ್ದೇ. 1534ರಿಂದ ಪೋರ್ಚುಗೀಸರ ವಶದಲ್ಲಿದ್ದ ವಸಯಿ ಕೋಟೆಯನ್ನು ಮುತ್ತಲು ಹೊರಟ ಚಿಮಾಜಿ ಅಪ್ಪಾ, ಪೇಶ್ವೆ ಮೊದಲನೆಯ ಬಾಜೀರಾವನ ತಮ್ಮ, ಗೆದ್ದರೆ ಗುಡಿ ಕಟ್ಟಿಸುವೆನೆಂದು ಈ ದೇವಿಗೆ ಹರಕೆ ಹೊತ್ತನೆಂಬುದು ಪ್ರತೀತಿ. 1739ರ ಮೇ ತಿಂಗಳಲ್ಲಿ ವಸಯಿ ಶರಣಾಯಿತು. ಗೆದ್ದ ಕೋಟೆಯ ಬಾಗಿಲಿನ ಮಾದರಿಯಲ್ಲೇ ಹರಕೆಯ ಗುಡಿಯ ದ್ವಾರ ಎದ್ದಿತು. ಒಳಗೆ ವಜ್ರೇಶ್ವರಿಯ ಜೊತೆಗೆ ರೇಣುಕೆಯೂ ಪರಶುರಾಮನೂ ಇದ್ದಾರೆ. ಬೆಳಗಾವಿಯವನಿಗೆ ಅವಳು ಸವದತ್ತಿಯ ಎಲ್ಲಮ್ಮ, ಕುಂದಾಪುರದವನಿಗೆ ಅವನು ಕಡಲನ್ನು ಹಿಂದಕ್ಕೆ ಸರಿಸಿ ಕರಾವಳಿಯನ್ನು ಎತ್ತಿಕೊಟ್ಟವನು. ಇಬ್ಬರೂ ತಮ್ಮ ಊರಿಗೇ ಬಂದವರಂತೆ ಕೈಮುಗಿದರು.

ಮಧ್ಯಾಹ್ನ ಗಣೇಶಪುರಿಯಲ್ಲಿ ನಿತ್ಯಾನಂದರ ಸಮಾಧಿ ಮಂದಿರದಲ್ಲಿ ಕುಳಿತೆವು. ಕಾಞಂಗಾಡಿನಲ್ಲಿ ಆಶ್ರಮ ಕಟ್ಟಿ, ದಕ್ಷಿಣ ಕನ್ನಡದಲ್ಲಿ ಓಡಾಡಿ, 1936ರ ಸುಮಾರಿಗೆ ಇಲ್ಲಿಗೆ ಬಂದು, 1961ರ ಆಗಸ್ಟ್ 8ರಂದು ಇಲ್ಲೇ ಸಮಾಧಿಯಾದ ಅವಧೂತರು ಅವರು. ಮುಂಬಯಿಯ ಎಷ್ಟೋ ಉಡುಪಿ ಹೋಟೆಲುಗಳ ಗಲ್ಲಾದ ಮೇಲೆ ಅವರ ಪಟವಿರುತ್ತದೆ. ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಕೆಲಸಕ್ಕೆ ನಿಂತ ಹೋಟೆಲಿನಲ್ಲಿಯೂ ಇತ್ತು; ದಿನಾ ಬೆಳಿಗ್ಗೆ ಅದಕ್ಕೆ ಹೂವೇರಿಸುವುದು ನನ್ನ ಕೆಲಸವಾಗಿತ್ತು. ಅಲ್ಲಿಯೂ ಬಿಸಿನೀರಿದ್ದರೂ ನಾವು ಮತ್ತೆ ಇಳಿಯಲಿಲ್ಲ. ಒಂದು ದಿನಕ್ಕೆ ಒಂದು ಸ್ನಾನ ಸಾಕು.

ಹಿಂತಿರುಗುವಾಗ ವಸಯಿ ಕೋಟೆಯನ್ನೂ ನೋಡಿಬಿಡೋಣವೆಂಬ ಮಾತು ಬಂತು. ನಾನು ಒಪ್ಪಲಿಲ್ಲ. ಆ ಕೋಟೆಯನ್ನು ನಡೆದು ನೋಡಲು ಅರ್ಧ ದಿನ ಬೇಕು, ಬಿಸಿನೀರಿನಲ್ಲಿ ಮಿಂದ ಮೈ ಅಷ್ಟು ಹೊತ್ತಿಗೆ ಮಂಚವನ್ನು ಕೇಳುತ್ತಿರುತ್ತದೆ. ವಿರಾರಿನಲ್ಲಿ ಸಂಜೆಯ ಜನಜಂಗುಳಿ ಏರುವ ಮುನ್ನವೇ ರೈಲು ಹಿಡಿದು ಕೂತೆವು. ಬೋರಿವಲಿ ಬರುವಷ್ಟರಲ್ಲಿ ಕೋಟೆಗೆ ಫೆಬ್ರುವರಿಯ ಒಂದು ಬುಧವಾರ ಗೊತ್ತಾಗಿತ್ತು, ಮಜ್ಜಿಗೆ ತರುವ ಹೊಣೆ ಈ ಸಲ ಕುಂದಾಪುರದವನದು.